ಜಾಂಗೋ ಪುಟ ನಿಧಾನ: ಸಮಯ ಹೋಗುವುದು ನೀವು ಅಳೆದ ಸಾಲಿನಲ್ಲಲ್ಲ

ನೀವು ಕೇಳಿದ್ದು ಎರಡು. ಲಿಂಕ್ ಒತ್ತಿದಲ್ಲಿಂದ ಪುಟ ಬರುವವರೆಗೆ ಜಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಒಳಗೆ ಎಂತ ಆಗ್ತದೆ? ಮತ್ತೆ, ಉಡುಪಿ–ಮಂಗಳೂರು ಬಸ್ಸಿನ 120 ಟ್ರಿಪ್ ತೋರಿಸುವ ಪುಟಕ್ಕೆ ನಾಲ್ಕು ಸೆಕೆಂಡ್ ಯಾಕೆ, ವ್ಯೂನಲ್ಲಿ (ರಿಕ್ವೆಸ್ಟಿಗೆ ಉತ್ತರ ತಯಾರಿಸುವ ನಿಮ್ಮ ಕೋಡ್) ಟ್ರಿಪ್ ತರುವ ಸಾಲಿನ ಆಚೀಚೆ ಟೈಮ್ ಪ್ರಿಂಟ್ ಮಾಡಿದರೆ ಒಂದು ಮಿಲಿಸೆಕೆಂಡೂ ಇಲ್ಲವಲ್ಲ? ಮೊದಲನೆಯದು ಗೊತ್ತಾದರೆ ಎರಡನೆಯದಕ್ಕೆ ಉತ್ತರ ಅದರೊಳಗೇ ಉಂಟು.

ಬ್ರೌಸರಿನ ರಿಕ್ವೆಸ್ಟ್ ಮೊದಲು ಸಿಗುವುದು ಮುಂದೆ ನಿಂತ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ಗೆ. ಚಿತ್ರ, ಸಿಎಸ್‌ಎಸ್ ಫೈಲುಗಳನ್ನು ಅದಕ್ಕೇ ಒಪ್ಪಿಸಿದ್ದರೆ ಡಿಸ್ಕಿನಿಂದ ನೇರ ಎತ್ತಿ ಕೊಡ್ತದೆ. ಉಳಿದದ್ದನ್ನು ಪೈಥಾನ್ ಕೋಡ್ ಓಡಿಸುವ ಸರ್ವರ್ ಗುನಿಕಾರ್ನ್‌ಗೆ ದಾಟಿಸ್ತದೆ. ಗುನಿಕಾರ್ನ್‌ನ ಒಂದು ವರ್ಕರ್ (ಕೆಲಸ ಮಾಡುವ ಪ್ರೋಸೆಸ್) ಅದನ್ನು ತಗೊಂಡು ವಿಳಾಸ, ಹೆಡರ್, ಕುಕಿ ಎಲ್ಲ ಒಂದು ಪೈಥಾನ್ ಡಿಕ್ಷನರಿಗೆ ತುಂಬಿ, ಡಬ್ಲ್ಯುಎಸ್‌ಜಿಐ (ಸರ್ವರ್ ಮತ್ತು ಪೈಥಾನ್ ಆ್ಯಪ್ ಮಾತಾಡಿಕೊಳ್ಳುವ ಪದ್ಧತಿ) ನಿಯಮದಂತೆ ಜಾಂಗೋವನ್ನು ಕರೀತದೆ. ಆ ಡಿಕ್ಷನರಿಯಿಂದ ಜಾಂಗೋ ರಿಕ್ವೆಸ್ಟ್ ಆಬ್ಜೆಕ್ಟ್ ಕಟ್ತದೆ. ನಿಮ್ಮ ನಾಲ್ಕು ಸೆಕೆಂಡನ್ನು ಇಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಆಮೇಲೆ ಮಿಡಲ್‌ವೇರ್. ಅಂದರೆ ವ್ಯೂಗೆ ಹೋಗುವಾಗಲೂ ಬರುವಾಗಲೂ ದಾಟಬೇಕಾದ ಪದರಗಳು. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಬರೆದ ಕ್ರಮದಲ್ಲೇ, ಹೋಗುವಾಗ ಮೇಲಿನಿಂದ ಕೆಳಗೆ, ಬರುವಾಗ ಕೆಳಗಿನಿಂದ ಮೇಲೆ. ಮಂಗಳೂರು ಬಿಟ್ಟ ಬಸ್ಸು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿ ಮುಟ್ಟಿ, ವಾಪಸ್ ಬರುವಾಗ ಕಾಪುವಿನಿಂದ ಶುರು ಮಾಡುವ ಹಾಗೆ. ನಡುವೆ ಒಂದು ಮಿಡಲ್‌ವೇರ್ ತಾನೇ ರೆಸ್ಪಾನ್ಸ್ ಕೊಟ್ಟರೆ ಬಸ್ಸು ಮೂಲ್ಕಿಯಲ್ಲೇ ತಿರುಗಿತು ಅಂತ ಲೆಕ್ಕ. ನಿಮ್ಮ ವ್ಯೂ ಓಡುವುದೇ ಇಲ್ಲ. ಕ್ರಮ ತಪ್ಪಿದರೆ ಪೆಟ್ಟು: ಅಥೆಂಟಿಕೇಶನ್ ಮಿಡಲ್‌ವೇರ್ ಸೆಷನ್‌ನ ಕೆಳಗೇ ಇರಬೇಕು, ಯಾಕೆಂದರೆ ಯಾರು ಲಾಗಿನ್ ಆಗಿದ್ದಾರೆ ಅನ್ನುವುದನ್ನು ಅದು ಸೆಷನ್‌ನಿಂದಲೇ ಓದುವುದು.

ಮಿಡಲ್‌ವೇರ್ ದಾಟಿದ ಮೇಲೆ ಯಾವ ವಿಳಾಸಕ್ಕೆ ಯಾವ ವ್ಯೂ ಅಂತ ಹೇಳುವ ಯುಆರ್‌ಎಲ್ ಪಟ್ಟಿ. ಮೇಲಿನಿಂದ ನೋಡ್ತಾ ಹೋಗಿ ಮೊದಲು ಹೊಂದಿದ್ದನ್ನೇ ಹಿಡೀತದೆ, ಇದಕ್ಕಿಂತ ಸರಿಯಾದದ್ದು ಕೆಳಗೆ ಉಂಟಾ ಅಂತ ನೋಡುವುದಿಲ್ಲ. ‘ಬಸ್/<ಊರು>/’ ಮೇಲೆ, ‘ಬಸ್/ಇಂದು/’ ಕೆಳಗೆ ಬರೆದರೆ, ಜಾಂಗೋ ‘ಇಂದು’ ಅನ್ನುವ ಊರನ್ನು ಹುಡುಕಿಕೊಂಡು ಹೋಗ್ತದೆ. ಕೊನೆಯ ಸ್ಲ್ಯಾಶ್ ಬಿಟ್ಟುಹೋದರೆ ಸ್ಲ್ಯಾಶ್ ಇರುವ ವಿಳಾಸಕ್ಕೆ 301 ರೀಡೈರೆಕ್ಟ್ ಆಗ್ತದೆ. ಫಾರ್ಮ್ ಕಳಿಸುವಾಗ ಹೀಗಾದರೆ ತುಂಬಿದ ಡೇಟಾ ಹೋಯಿತು.

ಈಗ ವ್ಯೂ. ನಿಮ್ಮ ಗೊಂದಲ ಇರುವುದು ಇಲ್ಲೇ. ‘ಟ್ರಿಪ್‌ಗಳನ್ನೆಲ್ಲ ತಾ’ ಅಂತ ಬರೆದ ಆ ಸಾಲು ಡೇಟಾಬೇಸನ್ನು ಮುಟ್ಟುವುದೇ ಇಲ್ಲ ಮಾರಾಯ್ರೆ. ಅದು ಕ್ವೆರಿಸೆಟ್, ಅಂದರೆ ಕೇಳಬೇಕಾದ ಪ್ರಶ್ನೆಯನ್ನು ಬರೆದಿಟ್ಟುಕೊಂಡ ಚೀಟಿ, ಅಷ್ಟೇ. ಪ್ರಶ್ನೆ ಹೋಗುವುದು ಪುಟದ ಅಚ್ಚಾದ ಟೆಂಪ್ಲೇಟಿನ ಫಾರ್ ಲೂಪ್ ಶುರುವಾದಾಗ. ಆ ಲೂಪ್ ಒಳಗೆ ಪ್ರತಿ ಟ್ರಿಪ್ಪಿಗೂ ‘ಟ್ರಿಪ್.ರೂಟ್.ಹೆಸರು’ ಅಂತ ಹಾಕಿದ್ದೀರಿ. ರೂಟ್ ಬೇರೆ ಟೇಬಲ್‌ನಲ್ಲಿ ಇರುವುದರಿಂದ ಪ್ರತಿ ಸುತ್ತಿಗೆ ಇನ್ನೊಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ). ಟ್ರಿಪ್ ಪಟ್ಟಿಗೆ ಒಂದು, ರೂಟಿಗೆ 120, ಒಟ್ಟು 121. ಡೇಟಾಬೇಸ್ ಬೇರೆ ಊರಿನ ಸರ್ವರ್‌ನಲ್ಲಿದ್ದು ಒಂದು ಸಲ ಹೋಗಿ ಬರಲಿಕ್ಕೆ 30 ಮಿಲಿಸೆಕೆಂಡ್ ಹಿಡಿದರೆ, ಅಲ್ಲಿಗೇ 3.6 ಸೆಕೆಂಡ್ ಆಯ್ತು. ಡೇಟಾಬೇಸ್ ಅದೇ ಮೆಷಿನ್‌ನಲ್ಲಿರುವ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಸರ್ವರ್‌ಗೆ ಹಾಕಿದ ಮೇಲೆ ಮಾತ್ರ ಕಾಡ್ತದೆ.

ಖಾತ್ರಿ ಮಾಡಿಕೊಳ್ಳಲಿಕ್ಕೆ ಡೀಬಗ್ ಟೂಲ್‌ಬಾರ್ ಹಾಕಿ ಕ್ವೆರಿಗಳ ಸಂಖ್ಯೆ ನೋಡಿ. ಒಂದೇ ಎಸ್‌ಕ್ಯೂಎಲ್, ಐಡಿ ಮಾತ್ರ ಬದಲಾಗ್ತಾ ಉದ್ದಕ್ಕೆ ಸಾಲುಗಟ್ಟಿದ್ದರೆ ಅದೇ ರೋಗ. ಮದ್ದು: ಕ್ವೆರಿಸೆಟ್‌ಗೆ ಸೆಲೆಕ್ಟ್ ರಿಲೇಟೆಡ್ ಹಾಕಿ ರೂಟನ್ನು ಹೆಸರಿಸಿ. ಜಾಂಗೋ ಎರಡೂ ಟೇಬಲನ್ನು ಜಾಯಿನ್ ಮಾಡಿ ಎಲ್ಲವನ್ನೂ ಒಂದೇ ಕ್ವೆರಿಯಲ್ಲಿ ತರ್ತದೆ. ಟ್ರಿಪ್ ಒಂದಕ್ಕೆ ಹಲವು ನಿಲ್ದಾಣ ತೋರಿಸುವುದಿದ್ದರೆ ಪ್ರಿಫೆಚ್ ರಿಲೇಟೆಡ್ ಬೇಕು. ಅದು ನಿಲ್ದಾಣಗಳಿಗೆಲ್ಲ ಸೇರಿಸಿ ಇನ್ನೊಂದೇ ಕ್ವೆರಿ ಕಳಿಸ್ತದೆ. ಒಂದು ಎಚ್ಚರ: ಪ್ರಿಫೆಚ್ ಮಾಡಿದ ಮೇಲೆ ಲೂಪ್ ಒಳಗೆ ನಿಲ್ದಾಣಗಳ ಮೇಲೆ ಮತ್ತೆ ಫಿಲ್ಟರ್ ಹಾಕಿದರೆ, ತಂದಿಟ್ಟದ್ದನ್ನು ಬಿಟ್ಟು ಪುನಃ ಡೇಟಾಬೇಸಿಗೆ ಓಡ್ತದೆ. 'ಆಲ್' ಅಂತಲೇ ಕರೆಯಬೇಕು.

ಟೆಂಪ್ಲೇಟ್ ಎಚ್‌ಟಿಎಂಎಲ್ ಆಗಿ ರೆಸ್ಪಾನ್ಸ್ ಒಳಗೆ ಕೂತ ಮೇಲೆ ಅದೇ ದಾರಿಯಲ್ಲಿ ವಾಪಸ್: ಮಿಡಲ್‌ವೇರ್, ಗುನಿಕಾರ್ನ್, ಎನ್‌ಜಿನ್‌ಎಕ್ಸ್, ಬ್ರೌಸರ್. ರೆಸ್ಪಾನ್ಸನ್ನು ಎನ್‌ಜಿನ್‌ಎಕ್ಸ್‌ಗೆ ದಾಟಿಸುವವರೆಗೂ ಆ ವರ್ಕರ್ ಬೇರೆಯವರಿಗೆ ಸಿಗುವುದಿಲ್ಲ. ಬೇರೆ ಹೇಳದಿದ್ದರೆ ಗುನಿಕಾರ್ನ್ ಇಡುವುದು ಒಂದೇ ವರ್ಕರ್, ಅದೂ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುವಂಥದ್ದು. ನಾಲ್ಕು ಸೆಕೆಂಡಿನ ಪುಟವನ್ನು ಐದು ಜನ ಒಟ್ಟಿಗೆ ತೆರೆದರೆ ಕೊನೆಯವನಿಗೆ ಸಿಗುವಾಗ ಇಪ್ಪತ್ತು ಸೆಕೆಂಡ್. ಸರದಿ ಉದ್ದವಾಗಿ ಎನ್‌ಜಿನ್‌ಎಕ್ಸ್ 60 ಸೆಕೆಂಡ್ ಕಾದು ಬೇಜಾರಾದರೆ 504 ಎರರ್ (ಹಿಂದಿನ ಸರ್ವರ್ ಸಮಯಕ್ಕೆ ಉತ್ತರಿಸಲಿಲ್ಲ). ಒಂದು ರಿಕ್ವೆಸ್ಟೇ 30 ಸೆಕೆಂಡ್ ದಾಟಿದರೆ ಗುನಿಕಾರ್ನ್ ಆ ವರ್ಕರನ್ನು ಕೊಲ್ತದೆ, ಆಗ ಕಾಣುವುದು 502 (ಹಿಂದಿನ ಸರ್ವರ್ ಸರಿಯಾದ ಉತ್ತರ ಕೊಡಲಿಲ್ಲ). ಎರಡರ ಕಾರಣ ಬೇರೆ ಬೇರೆ, ಲಾಗ್ ನೋಡುವಾಗ ನೆನಪಿಟ್ಟುಕೊಳ್ಳಿ.

ವರ್ಕರ್ ಎಷ್ಟು ಅಂದರೆ ಪ್ರೊಸೆಸರ್ ಕೋರ್‌ಗಳ ಎರಡು ಪಟ್ಟಿಗೆ ಒಂದು ಸೇರಿಸಿ ಶುರು ಮಾಡಿ. 2 ಕೋರಿನ ಸರ್ವರ್‌ಗೆ 5. ಆದರೆ ಮೊದಲು 121 ಕ್ವೆರಿಯನ್ನು ಇಳಿಸಿ, ಆಮೇಲೆ ವರ್ಕರ್ ಮುಟ್ಟಿ. ಉಲ್ಟಾ ಮಾಡಿದರೆ ಐದು ವರ್ಕರ್ ಸೇರಿ ಅದೇ ಡೇಟಾಬೇಸಿನ ಮೇಲೆ ಐದು ಪಟ್ಟು ಬೀಳ್ತವೆ, ಪುಟ ಮಾತ್ರ ನಾಲ್ಕು ಸೆಕೆಂಡಿನಲ್ಲೇ ಇರ್ತದೆ.