ಮೀಸಲು ಹಡಗುಗಳನ್ನು ಯಾವಾಗ ಇಳಿಸಬೇಕು? ಮತ್ತೆ ಅದೇ ಪ್ರಶ್ನೆ

ಪೆಸಿಫಿಕ್ ಯುದ್ಧದ ಸ್ಟ್ರ್ಯಾಟಜಿ ಗೇಮ್‌ಗಳ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ. ಅದಕ್ಕೇ ಈ ಸಲ ಇದಕ್ಕೆ ಜಾಸ್ತಿ ಜಾಗ. ಟಾಸ್ಕ್ ಫೋರ್ಸ್ (ಒಂದು ಕೆಲಸಕ್ಕೆಂದು ಸೇರಿಸಿದ ಹಡಗುಗಳ ಗುಂಪು) ಕಟ್ಟುವುದು, ಹಡಗಿಗೆ ಎಣ್ಣೆ ತುಂಬಿಸುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ಪ್ರಶ್ನೆ: ನಾನು ಜಪಾನ್ ಕಡೆ ಆಡುತ್ತಿದ್ದೇನೆ. ಆಟದಲ್ಲಿ ಈಗ 1942ರ ಅಕ್ಟೋಬರ್. ಗ್ವಾಡಲ್‌ಕೆನಾಲ್ ದ್ವೀಪದ ಹೆಂಡರ್ಸನ್ ಏರ್‌ಫೀಲ್ಡ್ ಅಮೆರಿಕದ ಕೈಯಲ್ಲಿದೆ. ಟ್ರಕ್ ದ್ವೀಪದ ನೆಲೆಯಲ್ಲಿ ಯಮಾಟೊ, ಕೊಂಗೊ, ಹರುನಾ ಎಂಬ ಬ್ಯಾಟಲ್‌ಶಿಪ್‌ಗಳು (ದೊಡ್ಡ ತೋಪಿನ ಯುದ್ಧ ಹಡಗುಗಳು) ಮೀಸಲಾಗಿ ನಿಂತಿವೆ. ಯಾವಾಗ ಕಳಿಸಲಿ?

ಹಡಗಿನ ಪಟ್ಟಿ ಕೊಟ್ಟಿದ್ದೀರಿ. ನಿಮ್ಮ ಸೈನ್ಯ ಎಲ್ಲಿದೆ, ಅದಕ್ಕೆ ಸಾಮಾನು ಹೊತ್ತ ಹಡಗುಗಳು ಎಲ್ಲಿವೆ ಅನ್ನುವುದರ ಬಗ್ಗೆ ಒಂದು ಮಾತೂ ಇಲ್ಲ. ಎಲ್ಲರೂ ಹೀಗೇ ಕೇಳುತ್ತಾರೆ, ನನಗೆ ಸಿಟ್ಟು ಬರುವುದೂ ಅದಕ್ಕೇ. ಮೀಸಲು ಪಡೆ ನಿಮಗೆ ದ್ವೀಪ ಗೆದ್ದು ಕೊಡುವುದಿಲ್ಲ. ಒಂದೆರಡು ದಿನ ಶತ್ರುವಿನ ಕೈ ಕಟ್ಟಿ ಕೊಡುತ್ತದೆ, ಅಷ್ಟೇ. ಆ ಒಂದೆರಡು ದಿನದಲ್ಲಿ ನುಗ್ಗಲು ಏನಾದರೂ ತಯಾರಿದೆಯಾ? ಇಲ್ಲದಿದ್ದರೆ ಕಳಿಸಬೇಡಿ.

ನಿಜವಾದ ಯುದ್ಧದಲ್ಲಿ ಏನಾಯಿತು ನೋಡಿ. ಅಕ್ಟೋಬರ್ 13ರ ರಾತ್ರಿ ಕೊಂಗೊ, ಹರುನಾ ಎರಡೂ ಬಂದು ಒಂದು ಗಂಟೆಗೂ ಹೆಚ್ಚು ಕಾಲ ಏರ್‌ಫೀಲ್ಡ್ ಮೇಲೆ 14 ಇಂಚಿನ ಗುಂಡು ಸುರಿಸಿದವು. 900ಕ್ಕೂ ಹೆಚ್ಚು ಗುಂಡು. ಅಲ್ಲಿದ್ದ ವಿಮಾನಗಳಲ್ಲಿ ಸುಮಾರು ಅರ್ಧ ಹಾಳಾದವು, ವಿಮಾನದ ಪೆಟ್ರೋಲ್ ಬಹುಪಾಲು ಸುಟ್ಟುಹೋಯಿತು. ಎರಡೂ ಹಡಗು ಕ್ಷೇಮವಾಗಿ ವಾಪಸ್ ಹೋದವು. ಇಷ್ಟು ಚೆನ್ನಾಗಿ ನಡೆದ ಕೆಲಸ ಯಾಕೆ ವ್ಯರ್ಥವಾಯಿತು? ದ್ವೀಪದಲ್ಲಿದ್ದ ಸೈನ್ಯ ಕಾಡು ದಾಟಿ ದೊಡ್ಡ ದಾಳಿ ಶುರು ಮಾಡುವ ಹೊತ್ತಿಗೆ ಅಕ್ಟೋಬರ್ 23 ದಾಟಿತ್ತು. ನಡುವೆ ಸುಮಾರು ಹತ್ತು ದಿನ! ಅಷ್ಟರಲ್ಲಿ ಅಮೆರಿಕದವರು ಪೆಟ್ರೋಲ್ ತರಿಸಿಕೊಂಡಿದ್ದರು, ವಿಮಾನ ಹಾರಿಸುತ್ತಿದ್ದರು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಮೊದಲು ಸೈನ್ಯ ದಾಳಿ ಮಾಡುವ ದಿನ, ಇಲ್ಲವೇ ಸರಕು ಹಡಗು ದಡ ಮುಟ್ಟುವ ದಿನ ಗೊತ್ತಾಗಬೇಕು. ಗುಂಡು ಸುರಿಯುವುದು ಅದರ ಹಿಂದಿನ ರಾತ್ರಿ. ಟ್ರಕ್‌ನಿಂದ ಗ್ವಾಡಲ್‌ಕೆನಾಲ್‌ಗೆ 1,100 ನಾಟಿಕಲ್ ಮೈಲಿ ಇದೆ. ಎಣ್ಣೆ ಉಳಿಸಿಕೊಂಡು 16 ನಾಟ್ (ಗಂಟೆಗೆ 16 ನಾಟಿಕಲ್ ಮೈಲಿ) ವೇಗದಲ್ಲಿ ಹೋದರೆ ಮೂರು ದಿನ ಹಿಡಿಯುತ್ತದೆ. ಸೋಲುತ್ತಿದ್ದೇನೆ ಅನ್ನಿಸಿದ ದಿನ ಆರ್ಡರ್ ಕೊಟ್ಟರೆ ಹಡಗು ತಲುಪುವುದು ಸೋತ ಮೇಲೆ.

ಇನ್ನು ಯಾವ ಹಡಗು? ಹಗಲಲ್ಲಿ ಶತ್ರುವಿನ ವಿಮಾನಗಳ ಕಾಟ, ಹಾಗಾಗಿ ಬಂದು ಹೋಗುವುದು ಕತ್ತಲಲ್ಲೇ. ಅಲ್ಲಿ ಕತ್ತಲು ಸುಮಾರು 12 ಗಂಟೆ. ಒಂದು ಗಂಟೆ ಗುಂಡು ಹಾರಿಸಲು ಹೋಯಿತು. ಉಳಿದದ್ದರಲ್ಲಿ ಅರ್ಧ ಬರಲು, ಅರ್ಧ ಓಡಲು. 30 ನಾಟ್ ಓಡುವ ಕೊಂಗೊ ಬೆಳಗಾಗುವಾಗ 165 ಮೈಲಿ ದೂರ ಇರುತ್ತದೆ. 27 ನಾಟ್‌ನ ಯಮಾಟೊ 150 ಮೈಲಿಯೂ ದಾಟಿರುವುದಿಲ್ಲ. ಡೈವ್ ಬಾಂಬರ್‌ಗಳಿಗೆ ಎರಡೂ ಎಟುಕುತ್ತವೆ. ಅಂದರೆ ರಾತ್ರಿಯ ಕೆಲಸ ಅರ್ಧಂಬರ್ಧ ಆದರೆ ಬೆಳಗ್ಗೆ ಹಡಗು ಹೋಯಿತು ಎಂದೇ ಲೆಕ್ಕ. ನಾನಂತೂ ಯಮಾಟೊವನ್ನು ಆ ಇಕ್ಕಟ್ಟಿನ ನೀರಿಗೆ ಇಳಿಸುವುದಿಲ್ಲ. ಒಂದು ಡಿಸ್ಟ್ರಾಯರ್ (ಚಿಕ್ಕ, ವೇಗದ ಯುದ್ಧ ಹಡಗು) ಬಿಟ್ಟ ಟಾರ್ಪಿಡೊ ಸಾಕು ಅದರ ವೇಗ ಕಡಿಮೆ ಮಾಡಲು. ಇದು ಅತಿ ಎಚ್ಚರಿಕೆ ಅನ್ನುವವರು ಅನ್ನಲಿ.

ಕಳಿಸುವುದಾದರೆ ಒಟ್ಟಿಗೆ ಕಳಿಸಿ. ನವೆಂಬರ್ 13ರ ನಸುಕಿನ ಕಾಳಗದಲ್ಲಿ ಜಪಾನಿನ ಬ್ಯಾಟಲ್‌ಶಿಪ್ ಹಿಯೆ ಏಟು ತಿಂದು, ಹಗಲಿಡೀ ವಿಮಾನಗಳಿಗೆ ಸಿಕ್ಕಿ ಮುಳುಗಿತು. ನವೆಂಬರ್ 14ರ ರಾತ್ರಿ ಜಪಾನಿನ ಬ್ಯಾಟಲ್‌ಶಿಪ್ ಅಂತ ಬಂದದ್ದು ಕಿರಿಶಿಮಾ ಒಂದೇ. ಎದುರಿಗೆ ಅಮೆರಿಕದ ಅಡ್ಮಿರಲ್ ಹ್ಯಾಲ್ಸಿ ತನ್ನ ಬಳಿ ಇದ್ದ ಬ್ಯಾಟಲ್‌ಶಿಪ್‌ಗಳಾದ ವಾಷಿಂಗ್ಟನ್, ಸೌತ್ ಡಕೋಟಾ ಎರಡನ್ನೂ ಒಂದೇ ಸಲ ಇಳಿಸಿದ್ದರು. ನೀರು ಇಕ್ಕಟ್ಟು, ರಾತ್ರಿ ಹೊತ್ತು, ಜೊತೆಗೆ ನಾಲ್ಕೇ ಡಿಸ್ಟ್ರಾಯರ್. ಆದರೂ ಅವರ ಲೆಕ್ಕ ಸರಿ ಇತ್ತು. ಜಪಾನಿನ ಸರಕು ಹಡಗುಗಳು ಅದೇ ರಾತ್ರಿ ಬರುತ್ತಿದ್ದವು, ಬೆಳಗಿನವರೆಗೆ ಏರ್‌ಫೀಲ್ಡ್ ಉಳಿದರೆ ಸಾಕಿತ್ತು. ಸೌತ್ ಡಕೋಟಾದ ಕರೆಂಟ್ ಹೋಯಿತು, ಮೂರು ಡಿಸ್ಟ್ರಾಯರ್ ಕಳೆದುಕೊಂಡರು. ಆದರೆ ವಾಷಿಂಗ್ಟನ್ ಕಿರಿಶಿಮಾವನ್ನು ಹೊಡೆದು ಹಾಕಿತು, ಏರ್‌ಫೀಲ್ಡ್ ಉಳಿಯಿತು. ಬೆಳಗ್ಗೆ ದಡ ಹತ್ತಿದ್ದ ನಾಲ್ಕು ಸರಕು ಹಡಗುಗಳನ್ನು ವಿಮಾನಗಳು ಸುಟ್ಟವು.

ಅಷ್ಟೂ ದಿನ ಯಮಾಟೊ ಟ್ರಕ್‌ನಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟದ್ದು ನನ್ನ ಪ್ರಕಾರ ತಪ್ಪಲ್ಲ. ಅಕ್ಟೋಬರ್‌ನಲ್ಲಿ ಕೊಂಗೊವನ್ನು ಸೈನ್ಯದ ದಾಳಿಗಿಂತ ಹತ್ತು ದಿನ ಮೊದಲೇ ಕಳಿಸಿದ್ದು ತಪ್ಪು.

ಪ್ರಶ್ನೆ: ಮೂರನೇ ಒಂದು ಭಾಗ ಹಡಗು ಯಾವಾಗಲೂ ಮೀಸಲು ಇರಬೇಕು ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಸರೀನಾ?

ಸರಿಯಲ್ಲ. ನಕ್ಷೆ, ದೂರ, ಎಣ್ಣೆ ಯಾವುದನ್ನೂ ನೋಡದೆ ಒಂದು ಅಂಕಿ ಹೇಳಿಬಿಡುವವರು ನಿಮ್ಮ ಆಟ ಕೆಡಿಸುತ್ತಾರೆ. ಅವರ ಮಾತು ಕೇಳಬೇಡಿ.

ಪ್ರಶ್ನೆ: ಹಾರ್ಟ್ಸ್ ಆಫ್ ಐರನ್ 4 ಗೇಮ್‌ನಲ್ಲಿ ನನ್ನ ಸ್ಟ್ರೈಕ್ ಫೋರ್ಸ್ (ಬಂದರಿನಲ್ಲಿ ಕಾದಿದ್ದು ದಾಳಿಗೆ ಹೊರಡುವ ಪಡೆ) ಬಂದರು ಬಿಟ್ಟು ಕದಲುವುದೇ ಇಲ್ಲ.

ಆ ಸಮುದ್ರದಲ್ಲಿ ಗಸ್ತಿನ ಹಡಗು ಹಾಕಿಲ್ಲ ನೀವು. ಅವುಗಳ ಕಣ್ಣಿಗೆ ಶತ್ರು ಬೀಳುವವರೆಗೆ ಸ್ಟ್ರೈಕ್ ಫೋರ್ಸ್ ಹೊರಡುವುದಿಲ್ಲ.

ಪ್ರಶ್ನೆ: ಮಿಡ್‌ವೇ ಕಾಳಗದಲ್ಲಿ ಜಪಾನಿನ ಅಡ್ಮಿರಲ್ ಯಮಮೊಟೊ ಮೀಸಲು ಬಳಸಲಿಲ್ಲ, ಅದಕ್ಕೇ ಸೋತರು ಅಲ್ವಾ?

ಅಲ್ಲ. 1942ರ ಜೂನ್ 4ರ ಬೆಳಗ್ಗೆ ಜಪಾನಿನ ವಿಮಾನವಾಹಕ ಹಡಗುಗಳಾದ ಅಕಾಗಿ, ಕಾಗಾ, ಸೊರ್ಯು ಮೂರಕ್ಕೂ ಬೆಂಕಿ ಬಿದ್ದದ್ದು ಕೆಲವೇ ನಿಮಿಷಗಳಲ್ಲಿ. ಯಮಮೊಟೊ ಅವರ ಬ್ಯಾಟಲ್‌ಶಿಪ್‌ಗಳು ಆಗ ನೂರಾರು ಮೈಲಿ ಹಿಂದೆ ಇದ್ದವು. ಅಷ್ಟು ದೂರ ಇಟ್ಟದ್ದನ್ನು ಮೀಸಲು ಅಂತ ಎಣಿಸಬೇಡಿ, ನಿಮ್ಮ ಆಟದಲ್ಲೂ.