ಸಾಲಿಡ್ ಸ್ಟೇಟ್ ಬ್ರೇಕರ್ (ಲೋಹದ ಕಾಂಟ್ಯಾಕ್ಟಿನ ಬದಲು ಸೆಮಿಕಂಡಕ್ಟರಿನಿಂದ ಕರೆಂಟ್ ಕಡಿಯುವ ಬ್ರೇಕರ್) ಅಷ್ಟು ವೇಗವಾಗಿದ್ದರೂ ವಿತರಣಾ ಜಾಲದಲ್ಲಿ ಏಕೆ ಕಾಣುವುದಿಲ್ಲ? ವಿದ್ಯುತ್ ನಷ್ಟವೇ ಕಾರಣವೇ? ಟ್ರಿಪ್ ಆಗುವಾಗ ಎಷ್ಟು ಶಕ್ತಿ ನಷ್ಟವಾಗುತ್ತದೆ? ಸೆಮಿನಾರ್‌ಗಾಗಿ ಕೇಳುತ್ತಿದ್ದೇನೆ.

ಬಹುಮಟ್ಟಿಗೆ ಹೌದು. ಬೆಲೆಯೂ ಕಾರಣವೇ, ಆದರೆ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು. ನಷ್ಟವನ್ನು ಪ್ರತಿ ಗಂಟೆಯೂ ಕೊಡುತ್ತಿರಬೇಕು.

ನೀವು ಸೆಮಿನಾರ್‌ಗೆ ಎಂದು ಕೇಳಿರುವುದರಿಂದ ಲೆಕ್ಕವನ್ನೇ ಹಾಕೋಣ. ನಮ್ಮ ಬೀದಿಗಳಲ್ಲಿರುವಂಥ 250 ಕೆವಿಎ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಪೂರ್ಣ ಲೋಡಿನಲ್ಲಿ ಎಲ್‌ಟಿ (433 ವೋಲ್ಟಿನ) ಕಡೆ ಪ್ರತಿ ಫೇಸಿನಲ್ಲಿ ಸುಮಾರು 333 ಆಂಪಿಯರ್. ಮಾಮೂಲಿ ಬ್ರೇಕರಿನ ಒಂದು ಪೋಲಿನ ರೋಧ 100 ಮೈಕ್ರೋ ಓಮ್ ಎಂದಿಟ್ಟುಕೊಂಡರೆ ನಷ್ಟ 11 ವ್ಯಾಟ್. ಅದೇ ಜಾಗದಲ್ಲಿ ಐಜಿಬಿಟಿ (ದೊಡ್ಡ ಕರೆಂಟಿನ ಸೆಮಿಕಂಡಕ್ಟರ್ ಸ್ವಿಚ್) ಇಟ್ಟರೆ? ಎಸಿ ಎರಡೂ ದಿಕ್ಕಿಗೆ ಹರಿಯುವುದರಿಂದ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಬೇಕು. ಆಗ ಕರೆಂಟ್ ಯಾವ ಹೊತ್ತಿನಲ್ಲೂ ಒಂದು ಐಜಿಬಿಟಿ, ಒಂದು ಡಯೋಡ್ ದಾಟಿಯೇ ಹೋಗಬೇಕು. ಎರಡೂ ಸೇರಿ 3 ವೋಲ್ಟ್ ಬಿದ್ದರೆ (333 ಆಂಪಿಯರ್ ಎಸಿಯ ಸರಾಸರಿ ಸುಮಾರು 300 ಆಂಪಿಯರ್) ಫೇಸಿಗೆ 900 ವ್ಯಾಟ್, ಮೂರಕ್ಕೆ 2.7 ಕಿಲೋವ್ಯಾಟ್. ಆ ಟ್ರಾನ್ಸ್‌ಫಾರ್ಮರ್ ಪೂರ್ಣ ಲೋಡಿನಲ್ಲಿ ಕಳೆಯುವುದೂ ಹೆಚ್ಚುಕಡಿಮೆ ಅಷ್ಟೇ! ವರ್ಷಕ್ಕೊಮ್ಮೆ ಬರಬಹುದಾದ ಕಳ್ಳನಿಗಾಗಿ ಹಗಲೂ ರಾತ್ರಿ ಇಷ್ಟು ದುಬಾರಿ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೇಲಾಗಿ ಆ ಶಾಖವನ್ನು ಹೊರಹಾಕಲು ಹೀಟ್ ಸಿಂಕ್, ಫ್ಯಾನ್ ಬೇರೆ.

ಲೋಡ್ ಅರ್ಧವಾದಾಗ ಲೋಹದ ಕಾಂಟ್ಯಾಕ್ಟಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಐಜಿಬಿಟಿಯಲ್ಲಿ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಕರೆಂಟ್ ಎಷ್ಟೇ ಕಡಿಮೆಯಾದರೂ ಒಂದು ವೋಲ್ಟಿನ ಆಸುಪಾಸು ಉಳಿದೇ ಇರುತ್ತದೆ.

ಟ್ರಿಪ್ ಆಗುವಾಗಿನ ಶಕ್ತಿ ನಷ್ಟದ ಬಗ್ಗೆಯೂ ಕೇಳಿದ್ದೀರಿ. ಲೈನಿನ ಇಂಡಕ್ಟನ್ಸಿನಲ್ಲಿದ್ದ ಶಕ್ತಿಯನ್ನು ವ್ಯಾರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಹಾಯಿಸುವ ಸಾಧನ) ನುಂಗಿಕೊಳ್ಳುತ್ತದೆ. 100 ಮೈಕ್ರೋಹೆನ್ರಿ, 5 ಕಿಲೋಆಂಪಿಯರ್ ಆದರೆ ಲೈನಿನಲ್ಲಿದ್ದದ್ದು 1250 ಜೌಲ್. ವ್ಯಾರಿಸ್ಟರ್ ಆಯ್ಕೆಗೆ ಅದು ಮುಖ್ಯ, ಕರೆಂಟ್ ಬಿಲ್ಲಿಗೆ ಅಲ್ಲ.

ದಾರಿಗಳಿಲ್ಲವೆಂದಲ್ಲ. ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಸೆಮಿಕಂಡಕ್ಟರ್ ಸ್ವಿಚ್‌ಗಳಲ್ಲಿ ಆ ಒಂದು ವೋಲ್ಟಿನ ಕಾಟವಿಲ್ಲ. ಸಾಕಷ್ಟನ್ನು ಸಮಾನಾಂತರವಾಗಿ ಜೋಡಿಸಿ ಫೇಸಿನ ಒಟ್ಟು ರೋಧವನ್ನು 1 ಮಿಲಿ ಓಮ್‌ಗೆ ತಂದರೆ ನಷ್ಟ 111 ವ್ಯಾಟ್. ಜೇಬು ಬಿರಿಯುತ್ತದೆ, ಅಷ್ಟೇ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಹೈಬ್ರಿಡ್ ಬ್ರೇಕರ್. ಮಾಮೂಲಿ ಹೊತ್ತಿನಲ್ಲಿ ಕರೆಂಟ್ ಯಾಂತ್ರಿಕ ಕಾಂಟ್ಯಾಕ್ಟಿನಲ್ಲೇ ಹರಿಯುತ್ತದೆ, ಶಾರ್ಟ್ ಆದಾಗ ಮಾತ್ರ ಸೆಮಿಕಂಡಕ್ಟರಿಗೆ ಜಾರುತ್ತದೆ. ಮೈಕ್ರೋಸೆಕೆಂಡುಗಳ ಬದಲು ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಎಸಿ ಫೀಡರಿಗೆ ಅದು ಧಾರಾಳ ಸಾಕು. ಎಬಿಬಿ ಕಂಪನಿ 2012ರಲ್ಲಿ ಎಚ್‌ವಿಡಿಸಿಗೆ (ಅಧಿಕ ವೋಲ್ಟೇಜಿನ ಡಿಸಿ ಸಾಗಣೆಗೆ) ತೋರಿಸಿದ್ದು ಈ ಜಾತಿಯದೇ. ಬ್ಯಾಟರಿ ಬ್ಯಾಂಕ್, ಹಡಗಿನ ಡಿಸಿ ಜಾಲಗಳ ಮಾತು ಬೇರೆ: ಅಲ್ಲಿ ಕರೆಂಟ್ ತಾನಾಗಿ ಸೊನ್ನೆ ಮುಟ್ಟುವುದಿಲ್ಲ, ದೋಷದ ಕರೆಂಟ್ ಕ್ಷಣದಲ್ಲಿ ಏರುತ್ತದೆ. ಹಾಗಾಗಿ ನಷ್ಟ ಸಹಿಸಿಯಾದರೂ ಪೂರ್ಣ ಸಾಲಿಡ್ ಸ್ಟೇಟ್ ಬಳಸುವುದರಲ್ಲಿ ಅರ್ಥವಿದೆ.

ಲೆಕ್ಕ ಹಾಕುವಾಗ ಡೇಟಾಶೀಟಿನ 25 ಡಿಗ್ರಿಯ ಅಂಕಿ ಹಿಡಿಯಬೇಡಿ. ಚಿಪ್ ಬಿಸಿಯಾದಂತೆ ಮಾಸ್‌ಫೆಟ್‌ನ ರೋಧ ಏರುತ್ತದೆ. 125 ಅಥವಾ 150 ಡಿಗ್ರಿಯ ಅಂಕಿಯನ್ನೇ ಬಳಸಿ.