ಡಿಸಾಲ್ವ್ ತೆಗೆಯಿರಿ, ಕಟ್ ಎಲ್ಲಿ ಅಂತ ನೋಡಿ

ಪ್ರಶ್ನೆ: ನಮ್ಮ ತೋಟದ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ ಕೆಲಸದ) ಬಗ್ಗೆ ಮೊಬೈಲಿನಲ್ಲೇ ಪುಟ್ಟ ಸಾಕ್ಷ್ಯಚಿತ್ರ ಮಾಡಿದ್ದೇನೆ. ಶಾಟ್‌ಗಳನ್ನು ಜೋಡಿಸಿದರೆ ಎಗರಿದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ಎಲ್ಲ ಕಡೆ ಡಿಸಾಲ್ವ್ ಹಾಕಿದೆ. ಈಗ ಮನೆಯವರು ‘ಮದುವೆ ವಿಡಿಯೊ ಥರ ಇದೆ’ ಅಂತಾರೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಮನೆಯವರು ಸರಿಯಾಗೇ ಹೇಳಿದ್ದಾರೆ. ಮೊದಲು ಡಿಸಾಲ್ವ್‌ಗಳನ್ನೆಲ್ಲ ತೆಗೆದುಬಿಡಿ. ಒಂದು ಶಾಟ್ ಕರಗಿ ಇನ್ನೊಂದು ಮೂಡಿದರೆ ನೋಡುವವರಿಗೆ ಹೊತ್ತು ಕಳೆದಂತೆ ಅನ್ನಿಸುತ್ತದೆ. ಕೊನೆ ಕೊಯ್ಯುವ ಕೊನೆಗೌಡರು ಮರ ಹತ್ತುವಾಗ ಹೊತ್ತೇನೂ ಕಳೆದಿಲ್ಲ, ಅಲ್ವಾ? ಬೇಯಿಸಿದ ಅಡಿಕೆ ಹರವಿದ್ದು, ಆಮೇಲೆ ಅದೇ ಅಡಿಕೆ ಒಣಗಿ ಸುಕ್ಕಾದದ್ದು, ಇವೆರಡರ ನಡುವೆ ಒಂದು ಡಿಸಾಲ್ವ್ ಇರಲಿ. ಉಳಿದ ಕಡೆ ನೇರ ಕಟ್ ಸಾಕು.

ಆದರೆ ಕಟ್ ಎಲ್ಲಿ? ಕೆಲಸ ನಡೆಯುತ್ತಿರುವಾಗಲೇ. ಅಡಿಕೆ ಸುಲಿಯುವುದನ್ನೇ ತಗೊಳ್ಳಿ. ದೂರದ ಶಾಟ್‌ನಲ್ಲಿ ಅಜ್ಜಿ ಬುಟ್ಟಿಗೆ ಕೈ ಹಾಕಿ ಅಡಿಕೆ ಎತ್ತುತ್ತಾರೆ. ಕೈ ಅರ್ಧ ದಾರಿಯಲ್ಲಿರುವಾಗ ಕತ್ತರಿಸಿ. ಹತ್ತಿರದ ಶಾಟ್ ಅದೇ ಅರ್ಧ ದಾರಿಯಿಂದ ಶುರುವಾಗಲಿ, ಅಡಿಕೆ ಹೋಗಿ ಮೆಟ್ಟುಗತ್ತಿಗೆ ತಾಗಲಿ. ನೋಡುವವರ ಕಣ್ಣು ಕೈಯ ಹಿಂದೆ ಓಡುತ್ತಿರುತ್ತದೆ, ಕಟ್ ಗೊತ್ತೇ ಆಗುವುದಿಲ್ಲ. ಎರಡು ಕ್ಯಾಮೆರಾ ಬೇಕಿಲ್ಲ. ಅಜ್ಜಿ ಒಂದೇ ಕೆಲಸವನ್ನು ರಾತ್ರಿಯಿಡೀ ಮಾಡುತ್ತಾರಲ್ಲ, ಒಂದು ಅಡಿಕೆಗೆ ದೂರದಿಂದ, ಇನ್ನೊಂದಕ್ಕೆ ಹತ್ತಿರದಿಂದ ಶೂಟ್ ಮಾಡಿ. ಕೂಡುವ ಜಾಗ ಸಿಗದಿದ್ದರೆ ಎರಡು ಮೂರು ಫ್ರೇಮ್ ಹಿಂದೆ ಮುಂದೆ ಸರಿಸಿ ನೋಡಿ.

ಎಗರುವುದಕ್ಕೆ ಇನ್ನೊಂದು ಕಾರಣ, ಒಂದೇ ಕೋನದ, ಒಂದೇ ಅಳತೆಯ ಎರಡು ಶಾಟ್ ಅಕ್ಕಪಕ್ಕ ಬರುವುದು. ಕ್ಯಾಮೆರಾವನ್ನು ಕನಿಷ್ಠ 30 ಡಿಗ್ರಿ ಸರಿಸಿ, ಶಾಟ್‌ನ ಅಳತೆಯನ್ನೂ ಬದಲಿಸಿ, ಒಂದು ದೂರದ್ದಾದರೆ ಇನ್ನೊಂದು ಹತ್ತಿರದ್ದಿರಲಿ. ಯಾರದೋ ಮಾತನ್ನು ನಡುವೆ ಕತ್ತರಿಸಿದ್ದರೆ ಅಲ್ಲಿ ಅವರ ಕೈಯ ಶಾಟ್ ಹಾಕಿ, ಮಾತು ಮುಂದುವರಿಯಲಿ.

ದಿಕ್ಕನ್ನೂ ನೋಡಿ. ಅಡಿಕೆ ಕೊನೆ ಮರದಿಂದ ಹಗ್ಗದಲ್ಲಿ ಎಡದಿಂದ ಬಲಕ್ಕೆ ಜಾರಿ ಬಂದರೆ, ಕೆಳಗೆ ಹಿಡಿಯುವವರ ಶಾಟ್‌ನಲ್ಲೂ ಅದು ಎಡಗಡೆಯಿಂದಲೇ ಬರಬೇಕು. ಹಗ್ಗದ ಒಂದೇ ಮಗ್ಗುಲಲ್ಲಿ ನಿಂತು ಶೂಟ್ ಮಾಡಿದರೆ ಇದು ತಾನಾಗಿ ಸರಿಯಾಗುತ್ತದೆ. ಈಗಾಗಲೇ ತಪ್ಪಿದ್ದರೆ, ಕೊನೆ ನೇರ ಕ್ಯಾಮೆರಾ ಕಡೆಗೇ ಬರುವ ಶಾಟ್ ಒಂದನ್ನು ನಡುವೆ ಸೇರಿಸಿ. ಶಾಟನ್ನು ಫ್ಲಿಪ್ ಮಾಡುವವರೂ, ಅಂದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುವವರೂ ಇದ್ದಾರೆ, ನನಗೆ ಇಷ್ಟವಿಲ್ಲ. ಕೊನೆಗೌಡರು ಇದ್ದಕ್ಕಿದ್ದಂತೆ ಎಡಚರಾಗಿಬಿಡುತ್ತಾರೆ!

ಕೊನೆಯದಾಗಿ ಸದ್ದು. ಹೊಸಬರು ಚಿತ್ರವನ್ನೂ ಸದ್ದನ್ನೂ ಒಂದೇ ಜಾಗದಲ್ಲಿ ಕತ್ತರಿಸುತ್ತಾರೆ. ತೋಟದ ಶಾಟ್ ಮುಗಿಯುವ ಒಂದು ಸೆಕೆಂಡ್ ಮೊದಲೇ ಸುಲಿಯುವ ಚಪ್ಪರದ ಮಾತು, ನಗು ಕೇಳಲಿ, ಆಮೇಲೆ ಚಿತ್ರ ಬರಲಿ. ಇದಕ್ಕೆ ಜೆ ಕಟ್ ಅಂತಾರೆ. ಮುಂದಿನ ಸಲ ತೋಟಕ್ಕೆ ಹೋದಾಗ ಯಾರೂ ಮಾತಾಡದೆ ಒಂದು ನಿಮಿಷ ಸುಮ್ನೆ ಅಲ್ಲಿನ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ತೋಟದ ಶಾಟ್‌ಗಳ ಅಡಿಯಲ್ಲಿ ಸಣ್ಣಗೆ ಹಾಸಿದರೆ, ಜೀರುಂಡೆ ಸದ್ದು ಪ್ರತಿ ಕಟ್‌ನಲ್ಲೂ ನಿಂತು ಶುರುವಾಗುವ ಕಿರಿಕಿರಿ ತಪ್ಪುತ್ತದೆ.